ಕಾರವಾರದ ಟೈಪಿಂಗ್ ಅಂಗಡಿಯೂ ಮಾವನ ಬಿಟ್ಟುಹೋದ ಮೆಡಲ್ಲೂ: ನನ್ನ ರಿವ್ಯೂ

ಕಾರವಾರ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಟೈಪಿಂಗ್, ಝೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಅಫಿಡವಿಟ್, ಪಹಣಿ, ಪಾನ್ ಕಾರ್ಡ್ ಅಂತ ಎಲ್ಲ ಕಡೆ ಇರುವುದೇ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಾಜಿ ಸೈನಿಕರ ಕೆಲಸ ಮಾಡಿಕೊಡಲಾಗುವುದು’ ಅಂತ ಒಂದು ಸಾಲು. ಈ ರಿವ್ಯೂ ಆ ಒಂದು ಸಾಲಿನ ಬಗ್ಗೆ. ಅಂಗಡಿಯ ಹೆಸರು ಹಾಕುತ್ತಿಲ್ಲ, ಅವರೇ ಬೇಡ ಅಂದರು. ಹೆಸರು ಓಡಾಡಿದರೆ ಪಾನ್ ಕಾರ್ಡಿನವರ ಗದ್ದಲ ಜಾಸ್ತಿಯಾಗಿ ಮಿಲಿಟರಿ ಕೆಲಸಕ್ಕೆ ಪುರುಸೊತ್ತೇ ಸಿಗುವುದಿಲ್ಲವಂತೆ. ಕಾರವಾರ, ಅಂಕೋಲೆ ಕಡೆಯ ಮಾಜಿ ಸೈನಿಕರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಅಂಗಡಿ ನಡೆಸುವವರು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವರು, ಹವಾಲ್ದಾರ್ ಆಗಿ ರಿಟೈರ್ ಆದವರು. ಎಲ್ಲರೂ ‘ಸಾಬ್’ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ನಮ್ಮ ವಿಷಯ ಇಷ್ಟು. ಮಾವ, ಅಂದರೆ ನಮ್ಮ ಯಜಮಾನರ ತಂದೆ, ಅಂಕೋಲೆ ಕಡೆಯವರು. 1968ರಲ್ಲಿ ಸೈನ್ಯಕ್ಕೆ ಭರ್ತಿಯಾಗಿ 1985ರಲ್ಲಿ ಪಿಂಚಣಿಗೆ ಬಂದವರು. 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಪೂರ್ವದ ಕಡೆ ಇದ್ದವರಿಗೆ ಕೊಟ್ಟ ಪೂರ್ವಿ ಸ್ಟಾರ್ ಇದೆ, ಆಗ ಸೇವೆಯಲ್ಲಿದ್ದವರಿಗೆ ಕೊಟ್ಟ ಸಂಗ್ರಾಮ ಮೆಡಲ್ ಇಲ್ಲ. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇದೆ, ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇಲ್ಲ. ಇಷ್ಟು ವರ್ಷ ಅವರು ಅದರ ಬಗ್ಗೆ ಮಾತೇ ಆಡಿರಲಿಲ್ಲ. ಎರಡು ವರ್ಷದ ಹಿಂದೆ ಬೀಚಿನ ಹತ್ತಿರ ರಾಮಾ ರಾಘೋಬಾ ರಾಣೆಯವರ ಪ್ರತಿಮೆಯ ಮುಂದೆ ಮಾಜಿ ಸೈನಿಕರು ಸೇರಿದ್ದಾಗ ಜೊತೆಯವರೊಬ್ಬರು “ಏನ್ರೀ, ನಿಮ್ಮ ಸಂಗ್ರಾಮ ಎಲ್ಲಿ?” ಅಂತ ಕೇಳಿಬಿಟ್ಟರು. ಅಲ್ಲಿಂದ ಶುರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ರಾಣೆಯವರು ಇಲ್ಲೇ ಚೆಂಡಿಯಾದವರು, ಸೈನ್ಯದ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸಿನವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನ್ ತೆಗೆದು ಟ್ಯಾಂಕ್‌ಗಳಿಗೆ ರಸ್ತೆ ಬಿಡಿಸಿ ಪರಮವೀರ ಚಕ್ರ ಪಡೆದವರು. ಸಂಗ್ರಾಮ ಮೆಡಲ್ಲಿನ ನಕಲನ್ನು ದೆಹಲಿ ಕಂಟೋನ್ಮೆಂಟಿನ ಗೋಪಿನಾಥ ಬಜಾರಿನಿಂದ ತರಿಸಬಹುದು, ಅದೇನು ದೊಡ್ಡ ದುಡ್ಡಲ್ಲ. ಯಜಮಾನರು ಅದನ್ನೇ ಹೇಳಿದರು. ಮಾವ ಒಪ್ಪಲಿಲ್ಲ. “ರಾಣೆಯ ಮುಂದೆ ಅಂಗಡಿ ಮೆಡಲ್ ಹಾಕಿ ನಿಲ್ಲೋದಿಲ್ಲ” ಅಂದರು. ಬುಕ್ಕಿನಲ್ಲಿ ಬಂದರೆ ಹಾಕುತ್ತಾರೆ, ಇಲ್ಲದಿದ್ದರೆ ಇಲ್ಲ. ಇದರಿಂದ ಪಿಂಚಣಿ ಒಂದು ರೂಪಾಯಿಯೂ ಜಾಸ್ತಿಯಾಗುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು.

ಯಜಮಾನರಿಗೆ ಗೋವಾದಲ್ಲಿ ಕೆಲಸ, ಹಾಗಾಗಿ ಓಡಾಟ ನನ್ನ ತಲೆಗೆ ಬಂತು. ನೆಟ್‌ನಲ್ಲಿ ಹುಡುಕಿದರೆ ಸಿಗುವುದೆಲ್ಲ ಅಮೆರಿಕದ್ದು. ಅಲ್ಲಿ ಡಿಸ್ಚಾರ್ಜ್ ಕಾಗದಕ್ಕೆ ಡಿಡಿ 214 ಅನ್ನುತ್ತಾರೆ, ತಪ್ಪಿದ್ದರೆ ಡಿಡಿ 215 ಅಂತ ತಿದ್ದುಪಡಿ ಕಾಗದ ಕೊಡುತ್ತಾರೆ, ಅದೂ ಆಗದಿದ್ದರೆ ಡಿಡಿ 149 ತುಂಬಿ ದಾಖಲೆ ತಿದ್ದುವ ಬೋರ್ಡಿಗೆ ಹೋಗಬೇಕು. ಸೇಂಟ್ ಲೂಯಿಸ್‌ನಲ್ಲಿ 1973ರಲ್ಲಿ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಫೈಲ್ ಸುಟ್ಟುಹೋದ ಕಥೆಯನ್ನೂ ಓದಿದೆ. ಓದಲು ಚೆಂದ, ಅಂಕೋಲೆಯವರಿಗೆ ಏನೂ ಉಪಯೋಗ ಇಲ್ಲ.

ಆಮೇಲೆ ಬೇರೆ ಊರಿನ ಒಬ್ಬ ಏಜೆಂಟ್ ಸಿಕ್ಕಿದ. ಮುಂಗಡ ತಗೊಂಡು ರಕ್ಷಣಾ ಮಂತ್ರಿಗಳಿಗೆ ಉದ್ದ ಪತ್ರ ಬರೆದ. ದೇಶಕ್ಕಾಗಿ ಪ್ರಾಣ ಪಣಕ್ಕಿಟ್ಟ ಅಂತ ಶುರುವಾಗಿ ಮೂರು ಪುಟ. ಅದರಲ್ಲಿ ಮಾವನ ಸರ್ವಿಸ್ ನಂಬರೇ ಇರಲಿಲ್ಲ! ಉತ್ತರ ಬರಲಿಲ್ಲ, ದುಡ್ಡೂ ಬರಲಿಲ್ಲ.

ಈ ಅಂಗಡಿಗೆ ಹೋದಾಗ ಅದೇ ಪತ್ರ ತೋರಿಸಿದೆ. ಸಾಬ್ ಓದಿ, ಮಡಚಿ, ವಾಪಸ್ ನನ್ನ ಕೈಗೆ ಕೊಟ್ಟರು. “ತಂಗೀ, ಇದರಲ್ಲಿ ಮೆಡಲ್ ಕೇಳಿದ್ದಾರೆ. ನಾವು ಮೊದಲು ಕಾಗದ ಕೇಳೋಣ. ಬುಕ್ ತಂದಿದ್ದೀಯಾ?”

ಡಿಸ್ಚಾರ್ಜ್ ಬುಕ್ಕಿಗೆ ನಮ್ಮ ಕರಾವಳಿಯ ಮಳೆಗಾಲಗಳ ಬೂಷ್ಟು ಹಿಡಿದಿತ್ತು. ಅವರು ಫ್ಯಾನ್ ಆಫ್ ಮಾಡಿದರು. ಟೇಬಲ್ ಮೇಲೆ ಹಳೆ ಪಂಚೆ ಹಾಸಿ, ಬುಕ್ ಇಟ್ಟು, ಅಂಟಿಕೊಂಡ ಹಾಳೆಗಳನ್ನು ಸ್ಟೀಲ್ ಸ್ಕೇಲಿನಿಂದ ಒಂದೊಂದಾಗಿ ಬಿಡಿಸಿದರು. ಹೊರಗೆ ಝೆರಾಕ್ಸಿಗೆ ನಾಲ್ಕು ಜನ ಕಾಯುತ್ತಿದ್ದರೂ ತಲೆ ಎತ್ತಲಿಲ್ಲ. ನೀಲಿ ಶಾಯಿ ನೀರು ಕುಡಿದು ಹರಡಿದ ಜಾಗದಲ್ಲಿ ಭೂತಗನ್ನಡಿ ಹಿಡಿದು ತಾರೀಕು ಓದಿದರು. 1972ರ ಶುರುವಿನಲ್ಲಿ ಮಾವ ಮಿಲಿಟರಿ ಆಸ್ಪತ್ರೆಯಲ್ಲಿದ್ದದ್ದು ಅಲ್ಲಿತ್ತು, ಮಲೇರಿಯಾ. “ಇಲ್ಲೇ ತಪ್ಪಿದೆ ಅಂತ ನನಗೆ ಅನುಮಾನ” ಅಂದರು. ಮಾವ ಆಸ್ಪತ್ರೆಯಲ್ಲಿದ್ದಾಗ ಯೂನಿಟ್ ಬೇರೆ ಕಡೆ ಹೋಗಿತ್ತು. ಮೆಡಲಿಗೆ ಹೆಸರು ಕಳಿಸುವ ಪಟ್ಟಿಯನ್ನು ಯೂನಿಟ್ಟೇ ಮಾಡುತ್ತದೆ, ಅಲ್ಲಿ ಇಲ್ಲದವರ ಹೆಸರು ಬಿಟ್ಟುಹೋಗುವುದು ಹೊಸದೇನಲ್ಲವಂತೆ.

ಆ ದಿನ ಅವರು ಹೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದು. ಕಳೆದುಹೋದ ಮೆಡಲ್ ಬೇರೆ, ಕೈಗೆ ಬಾರದ ಮೆಡಲ್ ಬೇರೆ, ದಾಖಲೆಗೇ ಏರದ ಮೆಡಲ್ ಬೇರೆ. ಕಳೆದುಹೋಗಿದ್ದರೆ ನಕಲು ಕೇಳುವ ಅರ್ಜಿ. ದಾಖಲೆಯಲ್ಲಿ ಇದ್ದು ಕೈಗೆ ಬಂದಿಲ್ಲದಿದ್ದರೆ ‘ನನ್ನ ಮೆಡಲ್ ಕಳಿಸಿ’ ಅಂತ ಅರ್ಜಿ. ದಾಖಲೆಯಲ್ಲೇ ಇಲ್ಲದಿದ್ದರೆ ಮೊದಲು ದಾಖಲೆ ತಿದ್ದಿಸಬೇಕು, ಅದಕ್ಕೆ ಆಧಾರ ಬೇಕು. ಮೂರನ್ನೂ ಕಲಸಿ ಒಂದೇ ಅರ್ಜಿ ಬರೆದರೆ ಆ ಕಡೆ ಕೂತ ಕ್ಲರ್ಕ್ ಅದನ್ನು ಯಾವ ಫೈಲಿಗೆ ಹಾಕಬೇಕು ಅಂತ ತಿಳಿಯದೆ ಹಾಗೇ ಇಡುತ್ತಾನೆ. “ನಾನೂ ಇಟ್ಟಿದ್ದೇನೆ” ಅಂತ ನಕ್ಕರು.

ಸೈನ್ಯದಲ್ಲಿ ರಜೆ, ಬಡ್ತಿ, ಮದುವೆ, ಮೆಡಲ್ ಏನೇ ಇರಲಿ, ಪಾರ್ಟ್ ಟು ಆರ್ಡರ್ ಅನ್ನುವ ಆದೇಶದಲ್ಲಿ ಬರಬೇಕು. ಅಲ್ಲಿಂದ ರೆಕಾರ್ಡ್ ಆಫೀಸಿನಲ್ಲಿರುವ ಶೀಟ್ ರೋಲಿಗೆ, ಅಂದರೆ ಆ ಸೈನಿಕರ ಸೇವಾ ದಾಖಲೆಗೆ, ಏರಬೇಕು. ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ ಕೊನೆಗೆ ಮಾಡಿಕೊಟ್ಟದ್ದು. ಬುಕ್ಕಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಆದೇಶದಲ್ಲೂ ಇಲ್ಲ ಅಂತ ಅಲ್ಲ. ಹಾಗಾಗಿ ಮೊದಲು ಆರ್‌ಟಿಐ ಹಾಕಿದರು. ಮೆಡಲ್ ಕೊಡಿ ಅಂತ ಅಲ್ಲ, ಶೀಟ್ ರೋಲ್ ಪ್ರತಿ ಕೊಡಿ, ಸಂಗ್ರಾಮ ಮೆಡಲಿಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರಿನ ಪ್ರತಿ ಕೊಡಿ ಅಂತ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಮಾವನ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಬೇಕು. ನಾನು ಸೊಸೆ, ನನ್ನ ಹೆಸರಲ್ಲಿ ಹಾಕಿದ್ದರೆ ಬೇರೆಯವರ ಖಾಸಗಿ ಮಾಹಿತಿ ಅಂತ ತಳ್ಳಿಬಿಡುತ್ತಿದ್ದರು.

ಎಲ್ಲಿಗೆ ಬರೆಯಬೇಕು ಅನ್ನುವುದು ಯಾವ ರೆಜಿಮೆಂಟ್ ಅನ್ನುವುದರ ಮೇಲೆ ಹೋಗುತ್ತದೆ. ರೆಕಾರ್ಡ್ ಆಫೀಸು ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಎಂಇಜಿಯವರದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಬಾಂಬೆ ಸ್ಯಾಪರ್ಸಿನವರದು ಪುಣೆಯ ಕಿರ್ಕಿ, ಸಿಗ್ನಲ್ಸ್ ಜಬಲ್‌ಪುರ, ತೋಪಿನವರದು ನಾಸಿಕ್ ರೋಡ್. ನೌಕಾಪಡೆಯ ನಾವಿಕರಾಗಿದ್ದರೆ ಮುಂಬೈ ಮಾನಖುರ್ದಿನ ಬ್ಯೂರೋ ಆಫ್ ಸೇಲರ್ಸ್. ಅರ್ಗಾದಲ್ಲಿ ನೇವಿ ಬೇಸ್ ಇದೆಯಲ್ಲ, ಅಲ್ಲೇ ಆಗಬಹುದು ಅಂತ ಸುಮ್ನೆ ಗೇಟಿನ ತನಕ ಹೋಗಿ ಬಂದವರನ್ನು ನಾನೇ ಈ ಅಂಗಡಿಯಲ್ಲಿ ನೋಡಿದ್ದೇನೆ. ಇನ್ನು ಸ್ಪರ್ಶ್ ಪೋರ್ಟಲ್ ಪಿಂಚಣಿಗೆ ಮಾತ್ರ, ಅಲ್ಲಿ ಮೆಡಲ್ ಹುಡುಕಬೇಡಿ.

ಉತ್ತರ ಬಂತು, ಸಾಬ್ ಅಂದುಕೊಂಡದ್ದು ಅರ್ಧ ನಿಜವಾಗಿತ್ತು. ಯೂನಿಟ್ ಮಾವನ ಹೆಸರು ಬಿಟ್ಟಿರಲಿಲ್ಲ. ಸಂಗ್ರಾಮ ಮೆಡಲಿನ ಆದೇಶದಲ್ಲಿ ಅವರ ನಂಬರ್ ಇತ್ತು. ಆದರೆ ಆಗ ಸಿಪಾಯಿಯಾಗಿದ್ದ ಮಾವನ ಅಡ್ಡಹೆಸರು ನಾಯ್ಕ, ಸೈನ್ಯದಲ್ಲಿ ಸಿಪಾಯಿಗಿಂತ ಮೇಲೆ ನಾಯಕ್ ಅಂತ ಹುದ್ದೆಯೂ ಇದೆ. ಟೈಪ್ ಮಾಡಿದವನು ಅಡ್ಡಹೆಸರನ್ನೇ ಹುದ್ದೆ ಅಂದುಕೊಂಡು ಮುಂದೆ ತಂದು ಹಾಕಿಬಿಟ್ಟಿದ್ದಾನೆ. ಹುದ್ದೆ ನಾಯಕ್, ಹೆಸರು ಬರೀ ಮೊದಲನೆಯದು, ಅಡ್ಡಹೆಸರಿನ ಜಾಗ ಖಾಲಿ. ಶೀಟ್ ರೋಲಿನಲ್ಲಿ ಆ ಹೆಸರಿನ ನಾಯಕ್ ಯಾರೂ ಇಲ್ಲ, ಹಾಗಾಗಿ ಮೆಡಲ್ ಯಾರ ಖಾತೆಗೂ ಏರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಕಲ್ಲು ಹೊಡೆದರೆ ನಾಯ್ಕರಿಗೆ ಬೀಳುತ್ತದೆ, ಇನ್ನೆಷ್ಟು ಜನರದು ಹೀಗೆ ಆಗಿದೆಯೋ. ನಿಮ್ಮ ಮನೆಯಲ್ಲೂ ನಾಯ್ಕ ಅಡ್ಡಹೆಸರಿನ ಮಾಜಿ ಸೈನಿಕರಿದ್ದರೆ ದಯವಿಟ್ಟು ಬುಕ್ ತೆಗೆದು ನೋಡಿ.

ಆಮೇಲೆ ತಿದ್ದುಪಡಿ ಅರ್ಜಿ. ಒಂದೇ ಪುಟ. ಮೇಲೆ ಸರ್ವಿಸ್ ನಂಬರ್, ದಾಖಲೆಯಲ್ಲಿ ಇರುವ ಹಾಗೇ ಹೆಸರು, ಆಗಿನ ಯೂನಿಟ್, ಭರ್ತಿಯ ತಾರೀಕು, ಡಿಸ್ಚಾರ್ಜ್ ತಾರೀಕು. ಸಂಗ್ರಾಮ ಮೆಡಲ್ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಸೇವೆಯಲ್ಲಿದ್ದವರಿಗೆ ಕೊಟ್ಟದ್ದು, ಪೂರ್ವಿ ಸ್ಟಾರ್ ಇದ್ದವರು ಆ ಹೊತ್ತಿಗೆ ಸೇವೆಯಲ್ಲಿ ಇರಲಿಲ್ಲ ಅನ್ನಲು ಬರುವುದೇ ಇಲ್ಲ ಅಂತ ಎರಡು ಸಾಲು. ಆದೇಶದ ನಂಬರ್, ತಾರೀಕು. ಏನು ತಿದ್ದಬೇಕು ಅಂತ ಒಂದು ಸಾಲು. ಜೊತೆಗೆ ಪ್ರತಿಗಳು, ಮೂಲ ಬುಕ್ ಅಲ್ಲ. ಮೂಲ ಕೇಳದೆ ಕಳಿಸಬೇಡಿ ಅಂತ ಸಾಬ್ ಗೋಡೆಯ ಮೇಲೇ ಬರೆಸಿದ್ದಾರೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮಾವನಿಗೆ ಕೊಂಕಣಿಯಲ್ಲಿ ಓದಿ ಹೇಳಿ, ಆಮೇಲೆ ಸಹಿ ಮಾಡಿಸಿದರು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿಗೆ ಸೇರಿಹೋಗಿದೆ, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಸಂಗ್ರಾಮ ಮೆಡಲ್ ದಾಖಲೆಗೆ ಏರಿದೆ ಅಂತ ಪತ್ರ ಬಂದಿದೆ. ಮೆಡಲ್ ಇನ್ನೂ ಬಂದಿಲ್ಲ. ಸೈನ್ಯದ ಮೆಡಲ್‌ಗಳು ಕೋಲ್ಕತಾದ ಟಂಕಸಾಲೆಯಲ್ಲಿ ತಯಾರಾಗುವುದು, ಅಂಚಿನ ಮೇಲೆ ನಂಬರು, ಹೆಸರು ಕೊರೆದು ಬರಬೇಕು, ತಡ ಆಗುತ್ತದೆ ಅಂತ ಸಾಬ್ ಮೊದಲೇ ಹೇಳಿದ್ದರು. ಅಲ್ಲಿಯ ತನಕ ರಿಬ್ಬನ್ ಹಾಕಿಕೊಳ್ಳಿ ಅಂದಿದ್ದಾರೆ. ಈಗ ಪತ್ರ ಕೈಯಲ್ಲಿದೆಯಲ್ಲ, ಮಾವ ಅದಕ್ಕೆ ಒಪ್ಪಿದರು.

ಒಂಬತ್ತು ವರ್ಷದ ಮೆಡಲ್ ಮಾತ್ರ ಇನ್ನೂ ನೇತಾಡುತ್ತಿದೆ. ಅದಕ್ಕೆ ಬೇರೆ ಅರ್ಜಿ ಹೋಗಿದೆ. ಇಲ್ಲಿ ಒಂದು ಎಚ್ಚರಿಕೆ ಕೊಡಬೇಕು. ಶೀಟ್ ರೋಲ್ ತರಿಸಿದರೆ ನಮಗೆ ಬೇಕಾದದ್ದು ಮಾತ್ರ ಬರುವುದಿಲ್ಲ, ಎಲ್ಲವೂ ಬರುತ್ತದೆ. ಮಾವನದರಲ್ಲಿ 1974ರದ್ದು ಒಂದು ರೆಡ್ ಇಂಕ್ ಎಂಟ್ರಿ (ಶಿಕ್ಷೆಯನ್ನು ಕೆಂಪು ಶಾಯಿಯಲ್ಲಿ ದಾಖಲಿಸುವುದು) ಇತ್ತು, ರಜೆ ಮುಗಿದ ಮೇಲೂ ಊರಲ್ಲೇ ಉಳಿದದ್ದಕ್ಕೆ ಶಿಕ್ಷೆ. ಅತ್ತೆಗೂ ಇದು ಗೊತ್ತಿರಲಿಲ್ಲ. ಮಳೆಗೆ ರಸ್ತೆ ಬಂದ್ ಆಗಿತ್ತು ಅಂತ ಮಾವ ಅಂದರು. ಅತ್ತೆ ತಾರೀಕು ನೋಡಿ “ಫೆಬ್ರವರಿಯಲ್ಲಿ ಯಾವ ಮಳೆ?” ಅಂದರು. ಆ ವಿಚಾರಣೆ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತಿದೆ.

ಇನ್ನು ಅಂಗಡಿಯ ಕೊರತೆಗಳು. ಸಾಬ್‌ಗೆ ಸಿಟ್ಟು ಬೇಗ. ನಾನು ಬುಕ್ಕಿಗೆ ಲ್ಯಾಮಿನೇಶನ್ ಮಾಡಿಸಲೇ ಅಂದದ್ದಕ್ಕೆ ಅಂಗಡಿ ತುಂಬ ಕೇಳುವ ಹಾಗೆ ಬೈದರು (ಲ್ಯಾಮಿನೇಟ್ ಮಾಡಿದರೆ ಅದರ ಮೇಲೆ ಯಾರೂ ಸೀಲು ಹಾಕಲು ಬರುವುದಿಲ್ಲ, ಸರಿಯೇ, ಆದರೆ ಮೆತ್ತಗೆ ಹೇಳಬಹುದಿತ್ತು). ಫೋನ್ ಎತ್ತುವುದಿಲ್ಲ. ಬಾಗಿಲಲ್ಲಿ ಎರಡು ಎತ್ತರದ ಮೆಟ್ಟಿಲಿವೆ, ಹಿಡಿದುಕೊಳ್ಳಲು ಏನೂ ಇಲ್ಲ. ಬರುವವರು ಹೆಚ್ಚಿನವರು ಎಪ್ಪತ್ತು ದಾಟಿದವರು, ಮಳೆಗಾಲದಲ್ಲಿ ಅದು ಜಾರುತ್ತದೆ. ಕರೆಂಟ್ ಹೋದರೆ ಕೆಲಸ ನಿಂತಿತು, ಇನ್ವರ್ಟರ್ ಇಲ್ಲ. ಅರ್ಜಿಯ ಪ್ರತಿ ಕೇಳದಿದ್ದರೆ ಕೊಡುವುದಿಲ್ಲ, ನೆನಪಿಟ್ಟು ಕೇಳಿ.

ದುಡ್ಡಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಟೈಪಿಂಗಿಗೆ ಎಲ್ಲರ ಹತ್ತಿರ ತಗೊಳ್ಳುವ ದರವನ್ನೇ ತಗೊಂಡರು, ಪೋಸ್ಟಿನ ಖರ್ಚು ನಮ್ಮದು. ಕೆಲಸ ಆದ ಮೇಲೆ ಏನಾದರೂ ಕೊಡಲು ಹೋದರೆ ಮಾವನಿಗೇ ಬೈಗುಳ ಬಿತ್ತು. ಕೆಲಸ ಆಗಿಯೇ ಆಗುತ್ತದೆ ಅಂತಲೂ ಅವರು ಒಮ್ಮೆಯೂ ಹೇಳಲಿಲ್ಲ. ಒಬ್ಬ ಅಜ್ಜಿ ತೀರಿಹೋದ ಗಂಡನ ಕಾಗದ ತಂದಾಗ ನೋಡಿ, ಅವರು ಪಿಂಚಣಿ ಇಲ್ಲದೆ ಬಂದವರು, ತುಂಬ ಹಳೇ ದಾಖಲೆ ಈಗಾಗಲೇ ನಾಶ ಮಾಡಿರಬಹುದು, ಒಂದು ಅರ್ಜಿ ಹಾಕಿ ನೋಡೋಣ, ಜಾಸ್ತಿ ಖರ್ಚು ಮಾಡಬೇಡಿ ಅಂದದ್ದು ನನ್ನ ಎದುರಿಗೇ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದು ಆ ಮೆಟ್ಟಿಲಿಗೆ. ಹೋಗುವವರು ಬೆಳಿಗ್ಗೆ ಹತ್ತೂವರೆ ಒಳಗೆ ಹೋಗಿ, ಆಮೇಲೆ ಝೆರಾಕ್ಸ್ ಗದ್ದಲ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶದ ಕಾಗದ), ಆಧಾರ್ ಮೂರೂ ತಗೊಂಡು ಹೋಗಿ, ಆಗುವುದಾದರೆ ಸೈನಿಕರನ್ನೇ ಕರೆದುಕೊಂಡು ಹೋಗಿ. ಅವರು ಬರದಿದ್ದರೆ ಸಾಬ್ ಅರ್ಜಿ ಟೈಪ್ ಮಾಡುವುದಿಲ್ಲ.