ಗಾಲಿಕುರ್ಚಿ ಮಕ್ಕಳ ಶಾಲಾ ವ್ಯಾನು: ಮೂರನೆಯ ವರ್ಷದ ಅನುಭವ

ಮೈಸೂರಿನ ಕುವೆಂಪುನಗರದಿಂದ ನನ್ನ ಮಗಳನ್ನು ವಿಶೇಷ ಶಾಲೆಗೆ ಕರೆದೊಯ್ಯುವ ಖಾಸಗಿ ವ್ಯಾನು ಇದು. ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇದೆ. ಗಾಲಿಕುರ್ಚಿಯ ಸಮೇತವೇ ಹತ್ತಿಸಬೇಕು. ಸಾಮಾನ್ಯ ಶಾಲಾ ಬಸ್ಸಿನ ಒಂದೂವರೆ ಪಟ್ಟು ಶುಲ್ಕ. ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಒಂದು ದೊಡ್ಡ ತಕರಾರಿದೆ.

ವಿಚಾರಿಸಲು ಹೋದವರಿಗೆ ಎಲ್ಲರೂ ಮೊದಲು ತೋರಿಸುವುದು ಜಿಪಿಎಸ್ ಮತ್ತು ಕ್ಯಾಮೆರಾ. ಅದಿರಲಿ, ವ್ಯಾನು ಒಂದೊಂದು ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಿ. ಕುರ್ಚಿಯನ್ನು ಸರಿಯಾಗಿ ಬಿಗಿಯಲು ಸಮಯ ಬೇಕೇ ಬೇಕು. ನಮ್ಮ ವ್ಯಾನಿನ ಆಯಾ ಕುರ್ಚಿಯನ್ನು ಮುಂದಕ್ಕೆ ಮುಖ ಮಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ನೆಲಕ್ಕೆ ಜೋಡಿಸಿರುವ ನಾಲ್ಕು ಪಟ್ಟಿಗಳ ಕೊಕ್ಕೆಯನ್ನು ಮುಂದೆ ಎರಡು, ಹಿಂದೆ ಎರಡು ಎಂದು ಕುರ್ಚಿಯ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಚಕ್ರಕ್ಕಾಗಲಿ, ಕಳಚಿ ಬರುವ ಕಾಲುಹಲಗೆಗಾಗಲಿ ಎಂದೂ ಸಿಕ್ಕಿಸುವುದಿಲ್ಲ. ಬಿಗಿ ಮಾಡಿ, ಕುರ್ಚಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ ಮಗುವಿಗೆ ಪ್ರತ್ಯೇಕ ಬೆಲ್ಟ್: ಕೆಳಪಟ್ಟಿ ಹೊಟ್ಟೆಯ ಮೇಲೆ ಏರದಂತೆ ಸೊಂಟದ ಮೂಳೆಗೆ ಒತ್ತಿಕೊಂಡು, ಭುಜದ ಪಟ್ಟಿ ಕುತ್ತಿಗೆಗೆ ಉಜ್ಜದಂತೆ. ಕುರ್ಚಿಯ ಜೊತೆಗೇ ಬರುವ ಎದೆಪಟ್ಟಿ ನೆಟ್ಟಗೆ ಕೂರಿಸಲು ಮಾತ್ರ; ಗಾಡಿ ಗುದ್ದಿದರೆ ಅದನ್ನು ನಂಬುವಂತಿಲ್ಲ. ಇದು ಬಹಳ ಪೋಷಕರಿಗೆ ಗೊತ್ತಿಲ್ಲ, ದಯವಿಟ್ಟು ಗಮನಿಸಿ.

ಇಷ್ಟಕ್ಕೆ ಐದಾರು ನಿಮಿಷವಾದರೂ ಬೇಕು. ಹಿಂದೆ ನಾವು ಬಳಸುತ್ತಿದ್ದ ಬೇರೊಂದು ಸೇವೆಯಲ್ಲಿ ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು, ಹಿಂದಿನ ಎರಡು ಪಟ್ಟಿಗಳನ್ನು ಕಟ್ಟುತ್ತಲೇ ಇರಲಿಲ್ಲ. ಪಾಪ, ಚಾಲಕನನ್ನು ದೂರಿ ಫಲವಿಲ್ಲ. ಬೆಳಗಿನ ಒಂದೇ ಸುತ್ತಿಗೆ ಅಷ್ಟೊಂದು ಮನೆ ತುಂಬಿಸಿದರೆ ಅವರಾದರೂ ಏನು ಮಾಡಿಯಾರು?

ಆಯಾ ಬಗ್ಗೆ ಇನ್ನೊಂದು ಮಾತು. ವ್ಯಾನಿನಲ್ಲಿ ಒಂದು ಮಗುವಿಗೆ ಫಿಟ್ಸ್ ಬರುತ್ತದೆ. ನಮ್ಮಲ್ಲಿ ಇಂದಿಗೂ ಕೈಗೆ ಬೀಗದ ಕೈ ಕೊಡುವವರು, ಬಾಯಿಗೆ ಚಮಚ ತುರುಕುವವರು ಇದ್ದಾರೆ. ಇವರು ಹಾಗಲ್ಲ. ಗಾಡಿ ನಿಲ್ಲಿಸಲು ಹೇಳಿ, ಗಡಿಯಾರ ನೋಡಿಕೊಂಡು, ಮಗುವನ್ನು ಪಕ್ಕಕ್ಕೆ ಹೊರಳಿಸಿ ತಲೆಗೆ ಆಸರೆ ಕೊಡುತ್ತಾರೆ. ಐದು ನಿಮಿಷ ದಾಟಿದರೆ ನೇರ ಆಸ್ಪತ್ರೆಗೆ. ಪ್ರತಿ ಮಗುವಿನ ಔಷಧಿ, ವೈದ್ಯರು, ಮನೆಯ ಫೋನ್ ಸಂಖ್ಯೆ ಬರೆದ ಹಾಳೆ ಅವರ ಚೀಲದಲ್ಲೇ ಇರುತ್ತದೆ. ದಸರೆಗೆ ಮುಂಚೆ ಆನೆಗಳ ತಾಲೀಮು ನಡೆಯುವಾಗ ಸಯ್ಯಾಜಿರಾವ್ ರಸ್ತೆಯ ಕಡೆ ಹೋಗುವಂತಿರುವುದಿಲ್ಲ. ದಾರಿ ಬದಲಾದರೆ ಆಟಿಸಂ ಇರುವ ಒಬ್ಬ ಹುಡುಗ ಕಂಗಾಲಾಗುತ್ತಾನೆ. ಹಿಂದಿನ ಸಂಜೆಯೇ ಅವನ ಅಮ್ಮನಿಗೆ ಹೊಸ ದಾರಿಯ ಫೋಟೋಗಳನ್ನು ಕಳಿಸುತ್ತಾರೆ; ಅವನು ನೋಡಿಕೊಂಡೇ ಮಲಗುತ್ತಾನೆ. ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ವ್ಯಾನಿನವರ ಆ್ಯಪ್ ಅಷ್ಟಕ್ಕಷ್ಟೇ, ರಜೆಯ ತಿಂಗಳಿಗೂ ಅರ್ಧ ಶುಲ್ಕ ಕಟ್ಟಬೇಕು. ಅದನ್ನು ಸಹಿಸಿಕೊಳ್ಳಬಹುದು.

ಸಹಿಸಲಾಗದ್ದು ಬದಲಿ ಗಾಡಿ. ವ್ಯಾನು ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರದ ತಪಾಸಣೆಗೆ) ಅಥವಾ ರಿಪೇರಿಗೆ ಹೋದಾಗ ರ‍್ಯಾಂಪ್ ಇಲ್ಲದ, ಪಟ್ಟಿಗಳಿಲ್ಲದ ಟೆಂಪೋ ಬರುತ್ತದೆ. ಬೆಳೆದ ಹುಡುಗಿಯನ್ನು ಚಾಲಕ ಎತ್ತಿ ಸೀಟಿನಲ್ಲಿ ಕೂರಿಸಬೇಕು. ಅವಳಿಗೆ ನೋವು, ಅದಕ್ಕಿಂತ ಹೆಚ್ಚು ಸಂಕೋಚ. ಅಂಥ ದಿನ ನಾನು ಕಳಿಸುವುದಿಲ್ಲ; ಅವಳ ಫಿಸಿಯೋಥೆರಪಿ ತಪ್ಪುತ್ತದೆ. ಮಾಲೀಕರನ್ನು ಕೇಳಿದರೆ 'ಅಡ್ಜಸ್ಟ್ ಮಾಡಿಕೊಳ್ಳಿ ಮೇಡಂ' ಎನ್ನುತ್ತಾರೆ. ಬಸ್ಸುಗಳಲ್ಲಿ ಅಂಗವಿಕಲರು ಹತ್ತುವ, ಗಾಲಿಕುರ್ಚಿ ಭದ್ರಪಡಿಸುವ ವ್ಯವಸ್ಥೆ ಇರಬೇಕೆಂಬ ಕೇಂದ್ರದ ನಿಯಮ 2020ರ ಮಾರ್ಚ್‌ನಿಂದಲೇ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಅಂಗವಿಕಲ ಮಕ್ಕಳಿಗೂ, ಹೆಚ್ಚಿನ ನೆರವು ಬೇಕಾದ ಮಕ್ಕಳ ಸಹಾಯಕರಿಗೂ ಸಾರಿಗೆ ಒದಗಿಸುವಂತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೆಯ ಕಲಮು ಹೇಳುತ್ತದೆ. ನಾವು ಯಾರ ಉಪಕಾರವನ್ನೂ ಬೇಡುತ್ತಿಲ್ಲ. ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗೆ ಅವಕಾಶವಿದೆ. ನಿಮ್ಮ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಕಂಡು ವಿಚಾರಿಸಿ.

ಸದ್ಯಕ್ಕೆ ಐದಕ್ಕೆ ನಾಲ್ಕು ಅಂಕ, ಅದೂ ಆಯಾ ಅವರ ದುಡಿಮೆಗೆ. ಬದಲಿ ಗಾಡಿಗೂ ರ‍್ಯಾಂಪ್ ಹಾಕಿಸಿ ಎಂದು ನಾವು ಪೋಷಕರೆಲ್ಲ ಸೇರಿ ಬರೆದುಕೊಟ್ಟಿದ್ದೇವೆ. ಹಾಕಿಸಿದ ದಿನ ಉಳಿದ ಒಂದು ಅಂಕವನ್ನೂ ಸೇರಿಸುತ್ತೇನೆ.