ಕಿಟ್, ಮೊಸರಿನ ಡಬ್ಬಿ, ಹಳೇ ಪ್ರಶ್ನೆಪತ್ರಿಕೆ: ಎಸ್‌ಎಸ್‌ಎಲ್‌ಸಿ ವಿಜ್ಞಾನಕ್ಕೆ ಯಾವುದು?

ಎಸ್‌ಎಸ್‌ಎಲ್‌ಸಿ ವಿಜ್ಞಾನದ 80 ಅಂಕದ ಲಿಖಿತ ಪತ್ರಿಕೆಗೆ ಮಕ್ಕಳನ್ನು ಅಣಿಮಾಡಲು ಮಂಡ್ಯ ಕಡೆ ಹೈಸ್ಕೂಲುಗಳಲ್ಲಿ ಕಾಣುವ ದಾರಿ ಮೂರು: ಅಂಗಡಿಯ ರೆಡಿ ಕಿಟ್, ಮನೆ ಸಾಮಾನಿನ ಪ್ರಯೋಗ, ಹಳೇ ಪ್ರಶ್ನೆಪತ್ರಿಕೆ ಹಿಡಿದು ಚಿತ್ರ ಬರೆಸುವುದು. ಮೂರನ್ನೂ ಅದೇ ಪಾಠಗಳ ಮೇಲೆ ಹಚ್ಚಿ ನೋಡಿದಾಗ ಒಂದೊಂದು ಪಾಠಕ್ಕೆ ಒಂದೊಂದು ಗೆದ್ದಿತು.

ನೀರಿನ ವಿದ್ಯುದ್ವಿಭಜನೆಯಿಂದ, ಅಂದರೆ ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದರಿಂದ ಶುರುಮಾಡೋಣ. ಕಿಟ್‌ನ ಗಾಜಿನ ಉಪಕರಣದಲ್ಲಿ ಫಲಿತಾಂಶ ಚೊಕ್ಕ: ಒಂದು ನಳಿಗೆಯಲ್ಲಿ 10 ಮಿಲಿ ಹೈಡ್ರೋಜನ್, ಇನ್ನೊಂದರಲ್ಲಿ ಹತ್ತಿರ ಹತ್ತಿರ 5 ಮಿಲಿ ಆಕ್ಸಿಜನ್. ತೊಂದರೆ ಇರುವುದೂ ಅಲ್ಲೇ. ದ್ರಾವಣ ಮೊದಲೇ ಸಿದ್ಧವಾಗಿರುವುದರಿಂದ 'ನೀರಿಗೆ ಆಮ್ಲದ ಹನಿ ಹಾಕುವುದೇಕೆ?' ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡುತ್ತಾರೆ.

ಮೊಸರಿನ ಡಬ್ಬಿಯಲ್ಲಿ ಮಾಡುವುದಾದರೆ ಅರ್ಧ ಲೀಟರಿನ ಡಬ್ಬಿಯ ತಳಕ್ಕೆ ಎರಡು ತೂತು ಕೊರೆದು, ಎರಡೂ ತುದಿ ಚೂಪು ಮಾಡಿದ ಎಚ್‌ಬಿ ಪೆನ್ಸಿಲ್ ತುಂಡುಗಳನ್ನು ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಡಬೇಕು. ಅವಸರಪಟ್ಟರೆ ಪೆನ್ಸಿಲ್ಲಿನ ಮರದ ಗುಂಟ ನೀರು ಜಿನುಗಿ ತಂತಿಯ ಕ್ಲಿಪ್ಪು ತೋಯುತ್ತದೆ. ನಾಲ್ಕು 1.5 ವೋಲ್ಟ್ ಸೆಲ್ ಸಾಲಾಗಿ ಜೋಡಿಸಿದರೆ 6 ವೋಲ್ಟ್ ಸಿಗುತ್ತದೆ. ಚೌಕದ 9 ವೋಲ್ಟ್ ಬ್ಯಾಟರಿ ಬೇಡ, ಬೇಗ ಸೋಲುತ್ತದೆ.

ಮೊದಲು ಬರೀ ಡಿಸ್ಟಿಲ್ಡ್ ವಾಟರ್ ಹಾಕಿ ಸ್ವಿಚ್ ಒತ್ತಿಸಿ. ಗುಳ್ಳೆಯೇ ಏಳುವುದಿಲ್ಲ ಅನ್ನಬಹುದು. ಆಮೇಲೆ ಒಂದು ಚಮಚ ವಾಷಿಂಗ್ ಸೋಡಾ ಕದಡಿದರೆ ಗುಳ್ಳೆ ದಾರದಂತೆ ಏಳುತ್ತದೆ. ಆಮ್ಲದ ಹನಿಯ ಪ್ರಶ್ನೆಗೆ ಉತ್ತರ (ನೀರಿನಲ್ಲಿ ವಿದ್ಯುತ್ ಹರಿಯಲೆಂದು) ಈ ಎರಡು ನಿಮಿಷದಲ್ಲೇ ಇದೆ. (ಉತ್ತರಪತ್ರಿಕೆಯಲ್ಲಿ ಮಾತ್ರ ಪುಸ್ತಕದ ಸಲ್ಫ್ಯೂರಿಕ್ ಆಮ್ಲವನ್ನೇ ಬರೆಸಿ.) ಅಡಿಗೆ ಉಪ್ಪು ಹಾಕಲೇಬಾರದು, ಆನೋಡಿನಲ್ಲಿ (ಬ್ಯಾಟರಿಯ + ತುದಿಗೆ ಸೇರಿದ ಪೆನ್ಸಿಲ್) ಕ್ಲೋರಿನ್ ಬರುತ್ತದೆ. ಅಡಿಗೆ ಸೋಡಾ ಹಾಕಿದರೆ ಆಕ್ಸಿಜನ್ ಜೊತೆ ಕಾರ್ಬನ್ ಡೈಆಕ್ಸೈಡ್ ಸೇರಿ ಲೆಕ್ಕ ಕೆಡುತ್ತದೆ. ಬೋರ್ ನೀರಾದರೆ ಕ್ಯಾಥೋಡಿಗೆ (− ತುದಿಯ ಪೆನ್ಸಿಲ್) ಬಿಳಿ ಹೊಪ್ಪಳೆ ಕಟ್ಟುತ್ತದೆ.

ಆದರೂ ಹೈಡ್ರೋಜನ್, ಆಕ್ಸಿಜನ್ನಿನ 2:1 ಸಲೀಸಾಗಿ ಬರುವುದಿಲ್ಲ. ಆಕ್ಸಿಜನ್ ಸ್ವಲ್ಪ ನೀರಿನಲ್ಲಿ ಕರಗುತ್ತದೆ, ಸ್ವಲ್ಪ ಪೆನ್ಸಿಲ್ಲಿನ ಕಾರ್ಬನ್ನನ್ನೇ ತಿನ್ನುತ್ತದೆ. ಹಾಗಾಗಿ ಪೆನ್ಸಿಲ್ಲುಗಳ ಮೇಲೆ ಅನಿಲ ಹಿಡಿಯುವ ಪ್ರನಾಳ ಇಡದೆ ಹತ್ತು ನಿಮಿಷ ವಿದ್ಯುತ್ ಹರಿಸಿ, ಆಮೇಲೆ ಪ್ರನಾಳ ಕವುಚಿದರೆ ಆಕ್ಸಿಜನ್ ಹೈಡ್ರೋಜನ್ನಿನ ಅರ್ಧಕ್ಕೆ ಹತ್ತಿರ ಬರುತ್ತದೆ. 50 ಮಿಲಿಆಂಪಿಯರ್ ಹರಿದರೆ ಅರ್ಧ ಗಂಟೆಗೆ ಸುಮಾರು 11 ಮಿಲಿ ಹೈಡ್ರೋಜನ್. ಒಂದು ಪೀರಿಯಡ್ಡಿಗೆ ಅಷ್ಟು ಸಾಕು. ಸ್ವಿಚ್ ಒತ್ತುವ ಮುಂಚೆಯೇ 'ಯಾವ ಪ್ರನಾಳ ಬೇಗ ತುಂಬುತ್ತದೆ, ಅದು ಬ್ಯಾಟರಿಯ ಯಾವ ತುದಿಗೆ ಸೇರಿದೆ?' ಎಂದು ನೋಟ್ಸಿನಲ್ಲಿ ಬರೆಸಿ. ಆನೋಡ್, ಕ್ಯಾಥೋಡ್ ಅದಲುಬದಲಾಗಿ ಅಂಕ ಹೋಗುವುದು ಇಲ್ಲಿ. ಈ ಪಾಠದಲ್ಲಿ ಡಬ್ಬಿಯೇ ಮೇಲು, ಅದು ಕೈಕೊಡುವ ಕಡೆಯೆಲ್ಲ ಒಂದೊಂದು 'ಏಕೆ' ಪ್ರಶ್ನೆ ಇದೆ.

ಪೀನ ಮಸೂರದಲ್ಲಿ ಕಥೆ ತಿರುಗುತ್ತದೆ. 10 ಸೆಂ.ಮೀ. ಸಂಗಮದೂರದ ಮಸೂರವನ್ನು ಮೈಸೂರಿನ ಶಾಲೆಯ ಕಿಟಕಿಗೆ ಹಿಡಿದು ಹಿಂದೆ ಬಿಳಿ ಹಾಳೆ ಸರಿಸಿದರೆ, ಚಾಮುಂಡಿಬೆಟ್ಟ ಬೆರಳುಗುರಿನಷ್ಟಾಗಿ ತಲೆಕೆಳಗೆ ನಿಲ್ಲುತ್ತದೆ. ಸಂಗಮದೂರ ಅಂದರೇನು ಎಂಬುದಕ್ಕೆ ಇದಕ್ಕಿಂತ ಸಲೀಸಾದ ಉತ್ತರ ಇಲ್ಲ. 2F ಪ್ರಯೋಗಕ್ಕೆ (ವಸ್ತುವನ್ನು ಸಂಗಮದೂರದ ಎರಡರಷ್ಟು ದೂರದಲ್ಲಿಟ್ಟು ನೋಡುವುದು) ಮೇಣದಬತ್ತಿ ಇಟ್ಟರೆ ಅದು ಕರಗಿ ಗಿಡ್ಡವಾದಂತೆ ಪ್ರತಿಬಿಂಬ ಪರದೆಯ ಮೇಲಕ್ಕೆ ಸರಿಯುತ್ತದೆ. ಅದರ ಬದಲು ರಟ್ಟಿನಲ್ಲಿ 'ಕ' ಕತ್ತರಿಸಿ, ಹಿಂದೆ ಬೆಣ್ಣೆಕಾಗದ ಅಂಟಿಸಿ, ಮೊಬೈಲ್ ಟಾರ್ಚ್ ಹಿಡಿಯಿರಿ. ಓದುವ ಕನ್ನಡಕದ ಗಾಜು ಬಿಟ್ಟಿ ಸಿಕ್ಕರೂ ತರಬೇಡಿ: +2.5 ಪವರಿನದಕ್ಕೆ ಸಂಗಮದೂರ 40 ಸೆಂ.ಮೀ., ವಸ್ತುವಿನಿಂದ ಪರದೆಗೆ 160 ಸೆಂ.ಮೀ. ಜಾಗ ಬೇಕು.

ಇಷ್ಟೆಲ್ಲ ಮಾಡಿದರೂ ರೇಖಾಚಿತ್ರ ಕೈಗೆ ಬರುವುದಿಲ್ಲ. ಕಿರಣಕ್ಕೆ ಬಾಣದ ಗುರುತು ಹಾಕುವುದು, ದ್ಯುತಿಕೇಂದ್ರದಲ್ಲಿ ಹಾಯುವ ಕಿರಣ ಬಾಗದಂತೆ ಎಳೆಯುವುದು, F ಮತ್ತು 2F ಸಮ ಅಂತರದಲ್ಲಿಡುವುದು ಸ್ಕೇಲು, ಪೆನ್ಸಿಲ್ ಹಿಡಿದು ಬರೆದೇ ಬರಬೇಕು. ಇಲ್ಲಿ ಹಳೇ ಪ್ರಶ್ನೆಪತ್ರಿಕೆಗೇ ನಮ್ಮ ಓಟು. ಪ್ರಯೋಗಕ್ಕೆ ಒಂದು ಪೀರಿಯಡ್ ಕೊಟ್ಟರೆ ಚಿತ್ರಕ್ಕೆ ಮೂರು ಕೊಡಿ.

ಓಮ್‌ನ ನಿಯಮಕ್ಕೆ (ವೋಲ್ಟೇಜು ಏರಿದಷ್ಟೇ ಕರೆಂಟೂ ಏರುವುದು) ಕಿಟ್ಟೇ ಸರಿ, ಕರೆಂಟು ಅಳೆಯುವ ಒಳ್ಳೆಯ ಆಮ್ಮೀಟರ್ ಮನೆಯಲ್ಲಿ ಮಾಡಲಾಗುವುದಿಲ್ಲ. ತೆಗೆದುಕೊಳ್ಳುವ ಮುಂಚೆ ಪೆಟ್ಟಿಗೆಯಲ್ಲಿ ನೈಕ್ರೋಮ್ ತಂತಿ ಇದೆಯೇ ನೋಡಿ. ಅದರ ಬದಲು ಟಾರ್ಚ್ ಬಲ್ಬ್ ಇದ್ದರೆ, ಫಿಲಮೆಂಟ್ ಕಾದಂತೆ ರೋಧ ಏರಿ ವೋಲ್ಟೇಜು-ಕರೆಂಟಿನ ನಕ್ಷೆ ಬಾಗುತ್ತದೆ; ಸರಳರೇಖೆ ಎಂದು ಬಾಯಿಪಾಠ ಮಾಡಿದ ಮಗು ಗೊಂದಲಕ್ಕೆ ಬೀಳುತ್ತದೆ. ತಂತಿಯೂ ಬಿಸಿಯಾಗುವುದರಿಂದ ಓದಿಕೊಳ್ಳುವಷ್ಟು ಹೊತ್ತು ಮಾತ್ರ ಸ್ವಿಚ್ ಒತ್ತಿ. ಆಮ್ಮೀಟರನ್ನು ಸಮಾಂತರವಾಗಿ ಜೋಡಿಸಿದರೆ ಅದು ಸುಟ್ಟಿತೆಂದೇ ಲೆಕ್ಕ, ಆದ್ದರಿಂದ ಮಂಡಲ ಪರೀಕ್ಷಿಸುವವರೆಗೂ ಒಂದು ಸೆಲ್ ಹೊರಗಿಟ್ಟಿರಿ.

ಡಬ್ಬಿಯ ಕೆಲಸವೆಲ್ಲ ಆಗಸ್ಟಿನಿಂದ ನವೆಂಬರಿನೊಳಗೆ ಮುಗಿಯಬೇಕು. ಜನವರಿ ನಂತರ ಎಂ-ಸೀಲ್ ಒಣಗುವವರೆಗೆ ಕಾಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ.