ಗೋವಾ ಮದುವೆ ಪ್ಯಾಕೇಜಿನಲ್ಲಿ ‘ಲೈಸೆನ್ಸ್ ಸೇರಿದೆ’ ಎಂದಿದ್ದರೆ ಹುಷಾರು

ಡೊಂಬಿವಲಿಯ ಹುಡುಗ, ಪುಣೆಯಲ್ಲಿ ಕೆಲಸದಲ್ಲಿರುವ ಹುಬ್ಬಳ್ಳಿ ಹುಡುಗಿ, ಗೋವಾದ ದಂಡೆಯಲ್ಲಿ ಐವತ್ತು-ಅರವತ್ತು ಜನರ ಸರಳ ಮದುವೆ. ಇಂಥ ಜೋಡಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಒಂದೇ ಕಡೆ. ಇವೆಂಟಿನವರು ಮಂಟಪ, ಊಟ, ಫೋಟೊ ಜೊತೆಗೆ ‘ಮ್ಯಾರೇಜ್ ಲೈಸೆನ್ಸ್’ ಅಂತ ಒಂದು ಸಾಲು ಸೇರಿಸಿ ದುಡ್ಡು ಹಿಡಿಯುತ್ತಾರೆ. ಅಕ್ಷತೆ ಬಿದ್ದ ಮೇಲೆ ಕೈಗೆ ಬರುವುದು ಯಾವುದೋ ಟ್ರಸ್ಟಿನ ಬಣ್ಣದ ಸರ್ಟಿಫಿಕೇಟು. ಸಂಗಾತಿಯ ವೀಸಾಕ್ಕೆ ಅದನ್ನು ಲಗತ್ತಿಸಿದಾಗಲೇ ಬಣ್ಣ ಬಯಲಾಗುತ್ತದೆ.

ಅಮೆರಿಕದಲ್ಲಿರುವಂಥ ಮದುವೆ ಲೈಸೆನ್ಸು, ಅಂದರೆ ಮದುವೆಗೆ ಮುಂಚೆ ಪಡೆಯುವ ಸರ್ಕಾರಿ ಪರವಾನಗಿ, ನಮ್ಮ ಕಾನೂನಿನಲ್ಲಿಲ್ಲ. ಇಲ್ಲಿ ಕಚೇರಿ ಮದುವೆಗಿರುವುದು ‘ಮದುವೆಯಾಗುತ್ತೇವೆ’ ಎಂದು ಜೋಡಿ ಮೊದಲೇ ಕೊಡುವ ನೋಟಿಸು, ಆಮೇಲೆ ಸರ್ಕಾರಿ ರಿಜಿಸ್ಟ್ರಾರ್ ಕೊಡುವ ಪ್ರಮಾಣಪತ್ರ. ಶಾಸ್ತ್ರವೇ ನಡೆಯದೆ ಸಂಸ್ಥೆಯೊಂದು ಬರೆದುಕೊಟ್ಟ ಸರ್ಟಿಫಿಕೇಟಿನಿಂದಾಗಲಿ, ಅದರ ಆಧಾರದ ನೋಂದಣಿಯಿಂದಾಗಲಿ ಹಿಂದೂ ಮದುವೆ ಆದಂತಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಗೋವಾದ್ದು ಇನ್ನೂ ಬೇರೆ. ಪೋರ್ಚುಗೀಸರ 1867ರ ಸಿವಿಲ್ ಕೋಡ್ ಅಲ್ಲಿನ ಕೌಟುಂಬಿಕ ಕಾನೂನಿಗೆ ಇಂದಿಗೂ ಬುನಾದಿ. ಹಿಂದೂ ವಿವಾಹ ಕಾಯ್ದೆ ಅಲ್ಲಿಗೆ ವಿಸ್ತರಿಸಿಲ್ಲ. ಸಿವಿಲ್ ರಿಜಿಸ್ಟ್ರಾರ್ ಮುಂದೆ ಎರಡು ಸಲ ಸಹಿ ಬೀಳಬೇಕು. ಮೊದಲನೆಯದು ಮದುವೆಯಾಗುವ ಇರಾದೆಯ ಘೋಷಣೆ ಅಷ್ಟೇ, ಎರಡನೆಯದು ಕೆಲವು ದಿನಗಳ ಅಂತರದ ನಂತರ. ಮೊದಲ ಸಹಿಗೇ ‘ರಿಜಿಸ್ಟರ್ ಆಯ್ತು’ ಎಂದು ನಂಬಿ, ಎರಡನೆಯದಕ್ಕೆ ಆ ಕಡೆಯವರು ಬರದೆ ಕೈಕೊಟ್ಟು, ಕಾನೂನಿನ ಕಣ್ಣಿಗೆ ಅವಿವಾಹಿತೆಯಾಗಿಯೇ ಉಳಿದ ಹೆಣ್ಣುಮಕ್ಕಳಿದ್ದಾರೆ. ಜೊತೆಗೆ ಅಲ್ಲಿಯ ವಾಸದ ಪುರಾವೆ ಕೇಳುತ್ತಾರೆ. ರೆಸಾರ್ಟಿನ ಮೂರು ದಿನದ ಬಿಲ್ಲು ಆ ಕೆಲಸಕ್ಕೆ ಬಾರದು.

ಗೋವಾದ ವಾಸ್ಕೊ, ಜುವಾರಿನಗರದಲ್ಲಿ ನೆಲೆಸಿದ ಕನ್ನಡಿಗರ ಮನೆಯ ಸಂಬಂಧವಾದರೆ ಇನ್ನೊಂದು ಮಾತು. ಗೋವಾದ ಕಾನೂನಿಗೆ ಒಳಪಟ್ಟ ದಂಪತಿ ಮದುವೆಗೆ ಮೊದಲೇ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಇಬ್ಬರ ಆಸ್ತಿಯೂ ಜಂಟಿಯಾಗುತ್ತದೆ. ಆಮೇಲೆ ಬದಲಾಯಿಸಲು ಬರುವುದಿಲ್ಲ. ಮಾಲೆ ಹಾಕಿಕೊಳ್ಳುವ ಮುಂಚೆಯೇ ವಕೀಲರನ್ನು ಕಾಣಿ.

ಉಳಿದವರಿಗೆ ನಮ್ಮ ಸಲಹೆ: ಗೋವಾದಲ್ಲಿ ಸಂಭ್ರಮ, ಕಾಗದ ನಿಮ್ಮ ಊರಲ್ಲಿ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಹಿಂದಿನ 30 ದಿನ ಆ ಜಿಲ್ಲೆಯಲ್ಲೇ ವಾಸವಿರಬೇಕು. ನೋಟಿಸು ಪ್ರಕಟವಾಗಿ 30 ದಿನ ಆಕ್ಷೇಪಣೆಗೆ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳೊಂದಿಗೆ ಮದುವೆ. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳು ದಾಟಿದರೆ ಎಲ್ಲ ಮೊದಲಿನಿಂದ. ಅಂದರೆ ಕೈಯಲ್ಲಿ ಉಳಿಯುವುದು ಸುಮಾರು ಎರಡು ತಿಂಗಳ ಕಿಂಡಿ. ಮುಹೂರ್ತ ಗೊತ್ತುಮಾಡುವ ಮುನ್ನ ಕ್ಯಾಲೆಂಡರಿನಲ್ಲಿ ಅದನ್ನೇ ಮೊದಲು ಗುರುತು ಹಾಕಿ. ಹೊಸದಾಗಿ ಬಾಡಿಗೆಗೆ ಬಂದವರು ನೋಂದಾಯಿತ ಕರಾರು ಇಟ್ಟುಕೊಂಡಿರಿ. ಆಧಾರ್‌ನಲ್ಲಿ ಇನ್ನೂ ಊರ ವಿಳಾಸವೇ ಇರುತ್ತದಲ್ಲ. ಈ ದಾರಿ ಹಿಡಿದರೆ ಕಾನೂನಿನ ಮದುವೆ ದಿನಾಂಕ ಕಚೇರಿಯದ್ದು, ಲಗ್ನಪತ್ರಿಕೆಯದ್ದಲ್ಲ. ವೀಸಾ, ವಿಮೆ ಎಲ್ಲದರಲ್ಲೂ ಒಂದೇ ದಿನಾಂಕ ಬರೆಯಿರಿ.

ಶಾಸ್ತ್ರವೇ ಮೊದಲಾಗಬೇಕೆಂದು ಹಿರಿಯರು ಹಟ ಹಿಡಿದರೆ ಅದೂ ಆಗುತ್ತದೆ. ಕರ್ನಾಟಕ, ಮಹಾರಾಷ್ಟ್ರದ ಹಿಂದೂಗಳು ಗೋವಾದಲ್ಲಿ ಸಪ್ತಪದಿ ತುಳಿದರೂ ಹಿಂದೂ ವಿವಾಹ ಕಾಯ್ದೆ ಅವರ ಬೆನ್ನಿಗಿರುತ್ತದೆ; ಅದು ನೋಡುವುದು ಅವರ ಕಾಯಂ ನೆಲೆಯನ್ನು, ಮದುವೆಯ ಜಾಗವನ್ನಲ್ಲ. ಕರ್ನಾಟಕದಲ್ಲಿ ಒಬ್ಬರ ವಾಸವಿದ್ದರೂ ಅಲ್ಲಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬಹುದು. ಲಗ್ನಪತ್ರಿಕೆ, ಧಾರೆ ಮತ್ತು ಸಪ್ತಪದಿಯ ಫೋಟೊ, ಪುರೋಹಿತರ ವಿವರ ಮತ್ತು ಸಹಿ, ಜಾಗದ ರಸೀದಿ ಗೋವಾದಲ್ಲಿರುವಾಗಲೇ ಸಂಗ್ರಹಿಸಿ. ಮದುವೆ ಮುಗಿದ ವಾರಕ್ಕೆ ಪುರೋಹಿತರು ಫೋನೆತ್ತುವುದಿಲ್ಲ! ಮಹಾರಾಷ್ಟ್ರದಲ್ಲಿ ನೋಂದಣಿ ಮಾಡಿಸುವವರು ಅಲ್ಲಿನ 1998ರ ವಿವಾಹ ನೋಂದಣಿ ಕಾಯ್ದೆಯಂತೆ ಮದುವೆಯಾದ 90 ದಿನದ ಗಡುವು ನೆನಪಿಡಿ.

ನಮ್ಮವರ ಅರ್ಜಿ ಹೆಚ್ಚಾಗಿ ವಾಪಸಾಗುವುದು ಇನಿಷಿಯಲ್‌ನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಆಧಾರಿನಲ್ಲಿ ಊರ ಹೆಸರು. ಇದನ್ನು ನೋಟಿಸಿಗೆ ಮೊದಲೇ ಸರಿಪಡಿಸಿ, ಅಫಿಡವಿಟ್ ಕೊನೆಯ ದಾರಿ. ಎರಡನೇ ಮದುವೆಯಾದರೆ ವಿಚ್ಛೇದನದ ಡಿಕ್ರಿ ಅಥವಾ ಮರಣಪತ್ರದ ದೃಢೀಕೃತ ಪ್ರತಿ ಬೇಕು.

ಜಾಗದ ವಿಷಯ ಚಿಕ್ಕದು. ಮೊರ್ಜಿಂ, ಅಗೊಂದ, ಗಾಲ್ಜಿಬಾಗ ದಂಡೆಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ಅಲ್ಲಿ ದೀಪ, ಸಂಗೀತಕ್ಕೆ ಕಡಿವಾಣ. ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ಇನ್ನು ಗೋವಾದ ದರ ಮುಗಿಲು ಮುಟ್ಟುವುದು ಕ್ರಿಸ್‌ಮಸ್, ಹೊಸವರ್ಷದ ಹೊತ್ತಿಗೆ. ನಮಗೆ ಅದು ಧನುರ್ಮಾಸ, ಹೇಗೂ ಮುಹೂರ್ತವಿಲ್ಲ, ದುಡ್ಡು ಉಳಿಯಿತು ಅಂದುಕೊಳ್ಳಿ. ಲಗ್ನಪತ್ರಿಕೆಯಲ್ಲಿ ದಾಬೋಲಿಂ ಅಥವಾ ಮೋಪಾ ಎಂದು ವಿಮಾನ ನಿಲ್ದಾಣದ ಹೆಸರು ಬಿಡಿಸಿ ಹಾಕಿ. ಮದುವೆ ಪಾಲೊಲೆಂನಲ್ಲಿದ್ದು ನೆಂಟರು ಮೋಪಾದಲ್ಲಿ ಇಳಿದರೆ ಗೋವಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕು. ಕೊನೆಗೆ, ಇವೆಂಟಿನವರ ಕರಾರಿನಲ್ಲಿ ‘ಲೈಸೆನ್ಸ್’ ಸಾಲು ಹೊಡೆದುಹಾಕಿಸಿ, ಅದರ ಮೊತ್ತ ಕಳೆದು ಹೊಸ ಕೊಟೇಶನ್ ಬಂದ ಮೇಲೆಯೇ ಮುಂಗಡ ಕೊಡಿ.